ಊಟದತ್ತೆ ಕೇಳಿದ ಹಾಡು

ಗುನ್ವೋರಳ ಕೈಯಲ್ಲಿ ಒಂದು ಆಲ್ಬಮ್ಮಾದರೂ ಪೂರಾ ಪಾಸಾದದ್ದನ್ನು ನಾನು ನೋಡಿಲ್ಲ. ಹನ್ನೊಂದು ನೋಟ್‌ಬುಕ್ಕು ತುಂಬಿಸಿದ್ದಾಳೆ ಪುಣ್ಯಾತ್ಗಿತ್ತಿ. ಶುಕ್ರವಾರ ಹೊಸ ಆಲ್ಬಮ್ಮುಗಳು ಬರುತ್ತವೆ. ಭಾನುವಾರದ ಹೊತ್ತಿಗೆ ಅವುಗಳಲ್ಲಿ ಒಂದರ ಹಣೆಬರಹ ಆ ನೋಟ್‌ಬುಕ್ಕಿನಲ್ಲಿ ಬರೆದಾಗಿರುತ್ತದೆ. "ಮೊದಲ ಹಾಡು ಬಿಸಿ ಬಿಸಿ, ಎರಡನೆಯದು ನಿನ್ನೆಯದನ್ನೇ ಬಿಸಿ ಮಾಡಿದ್ದು." "ದನಿ ಚೆನ್ನಾಗಿದೆ, ಒಳಗೆ ಬೆಂದಿಲ್ಲ." "ಉಪ್ಪು ಜಾಸ್ತಿ, ಅಳುವೂ ಜಾಸ್ತಿ." ಮೂವತ್ತೈದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು ಇನ್ನು ಹೇಗೆ ಬರೆದಾಳು!

ನಾನು ಸಿಕ್ಸ್ಟನ್. ಉತ್ತರದ ಹಿಮದ ಸೀಮೆಯ ಪೀಟೆಯೋ ಊರಿನಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಗುನ್ವೋರಳ ಮನೆಯ ನೇರ ಮೇಲಿನ ಮನೆ ನನ್ನದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಮನೆಗೆ ಬಂದ ಹೊಸತರಲ್ಲಿ ಕೆಳಗಿನಿಂದ ಸಂಗೀತ ನನ್ನ ನೆಲ ತೂರಿಕೊಂಡು ಬರುತ್ತಿತ್ತು. ಒಂದು ದಿನ ತಡೆಯಲಾರದೆ ಸೌಟು ತೆಗೆದುಕೊಂಡು ಕೆಳಗಿನ ಮನೆಗೂ ಇಳಿದುಹೋಗುವ ಹೀಟರಿನ ಕೊಳವೆಗೆ ಟಣಟಣ ಬಡಿದೆ. ಐದು ನಿಮಿಷಕ್ಕೆ ಬಾಗಿಲಲ್ಲಿ ಒಬ್ಬ ಹೆಂಗಸು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹಬೆಯಾಡುವ ಪಾಲ್ಟ್.

"ತಾಳ ತಪ್ಪಿ ಬಡೀತಿದ್ದೀಯ," ಅಂದಳು. "ಬಡಿಯೋದಾದ್ರೆ ನೆಟ್ಟಗೆ ಬಡಿ. ಮೊದ್ಲು ತಿನ್ನು."

ಪಾಲ್ಟ್ ಅಂದರೆ ಹಸಿ ಆಲೂಗೆಡ್ಡೆ ತುರಿದು, ಒಳಗೆ ಹಂದಿಮಾಂಸದ ಚೂರಿಟ್ಟು ಬೇಯಿಸಿದ ಕಡುಬು. ಎರಡು ತಿಂದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ನಾನು ನಾಲ್ಕು ತಿಂದೆ. ಅವತ್ತಿನಿಂದ ಶುಕ್ರವಾರ ಸಂಜೆ ಅವಳ ಸೋಫಾದ ಎಡ ಮೂಲೆ ನನ್ನದಾಯಿತು.

ಅವಳು ಹಾಡು ಕೇಳುವುದನ್ನು ನೋಡಬೇಕು. ಎಡಗೈ ಕೆನ್ನೆಯ ಮೇಲೆ, ಬಲಗೈ ಮಡಿಲಲ್ಲಿ ಮೆಲ್ಲಗೆ ಸುತ್ತುತ್ತಿರುತ್ತದೆ, ದೊಡ್ಡ ಹಂಡೆಯೊಳಗೆ ಸೌಟು ಆಡಿಸಿದ ಹಾಗೆ. ಹಾಡು ಹಿಡಿಸದಿದ್ದರೆ ಕೈ ನಿಂತುಬಿಡುತ್ತದೆ. ಎಷ್ಟೋ ದೊಡ್ಡ ದೊಡ್ಡ ಹೆಸರಿನವರ ಹಾಡಿಗೆ ಆ ಕೈ ಅಲ್ಲಾಡಿದ್ದೇ ಇಲ್ಲ.

"ಆಲ್ಬಮ್ಮಿನ ಮೊದಲ ಹಾಡನ್ನ ನಂಬಬೇಡ ಸಿಕ್ಸ್ಟನ್," ಅನ್ನುತ್ತಿದ್ದಳು. "ಅದು ಬಾಗಿಲಲ್ಲಿ ನಿಂತು ಹಲ್ಲು ಕಿರಿಯೋ ಹಾಡು. ಎಲ್ರೂ ಬಾಗಿಲಲ್ಲಿ ಚೆನ್ನಾಗೇ ಇರ್ತಾರೆ. ಮೂರನೇ ಹಾಡಿಗೆ ಬೂಟು ಬಿಚ್ಚಿ ಒಳಗೆ ಬರ್ತಾರೆ. ಕಾಲ್ಚೀಲ ತೂತೋ ಇಲ್ವೋ ಅಂತ ಆವಾಗ ಗೊತ್ತಾಗೋದು."

"ಕೊನೇ ಹಾಡು?"

"ಅದು ಎದ್ದು ಹೋಗುವಾಗ ಆಡೋ ಮಾತು. ಅಲ್ಲಿವರೆಗೂ ಹೇಳಬೇಕು ಅಂತಿದ್ದು ಹೇಳದೇ ಇದ್ದದ್ದು ಅಲ್ಲಿ ಬರುತ್ತೆ. ಬರದಿದ್ರೆ ಬಂದಿದ್ದೇ ದಂಡ."

ನನಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಹಾಡು ಕೇಳುವುದನ್ನು ಅರವತ್ತು ದಾಟಿದ ಮೇಲೆ ಈ ಅಡುಗೆಯವಳ ಹತ್ತಿರ ಕಲಿತೆ, ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ಅವಳು ನೋಟ್‌ಬುಕ್ಕಿಗೆ ಸೇರಿಸದ ರೆಕಾರ್ಡು ಒಂದೇ ಒಂದಿತ್ತು. 1983ರ ಶರತ್ಕಾಲದಲ್ಲಿ, ಶಾಲೆಗೆ ಸೇರಿದ ಹೊಸತರಲ್ಲಿ, ಕೆಲಸ ಮುಗಿಸಿ ಬರುವಾಗ, ಹೊದಿಕೆಯ ಚಿತ್ರ ನೋಡಿಯೇ ಕೊಂಡದ್ದು: ಹೆಪ್ಪುಗಟ್ಟಿದ ನದಿಯ ಮೇಲೆ ತುಪ್ಪಳದ ಟೋಪಿ ಹಾಕಿಕೊಂಡು ನಮಗೆ ಬೆನ್ನು ತಿರುಗಿಸಿ ನಿಂತ ನಾಲ್ವರು. ತಂಡದ ಹೆಸರು "ಗರಗಸ". ಮರ ಕೊಯ್ಯುವ ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಿದ್ದ ನಮ್ಮೂರಿನವರೇ. ಮುನ್ನೂರು ಪ್ರತಿ ಹಾಕಿಸಿ, ವರ್ಷದೊಳಗೆ ಚದುರಿಹೋದವರು. ಅದರಲ್ಲಿ ಆರು ಹಾಡು. ಆರನೆಯದು "ನದಿ ಕಟ್ಟುವ ಮುನ್ನ". ಆ ಹಾಡನ್ನು ಗುನ್ವೋರ್ ನನಗೆ ಎರಡೇ ಸಲ ಕೇಳಿಸಿದ್ದಳು. ಆಳವಾದ, ದಣಿದ ಗಂಡಸಿನ ದನಿ; ನದಿ ಹೆಪ್ಪುಗಟ್ಟುವ ಮುನ್ನ ದೋಣಿ ತಾ ಎಂದು ದಡದಲ್ಲಿ ನಿಂತು ಕರೆಯುತ್ತಾನೆ. ದೋಣಿ ಬರುವುದಿಲ್ಲ ಎಂದು ಅವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ಗಂಡ ತೀರಿಕೊಂಡ ವರ್ಷ ದಿನಾ ಇದನ್ನೇ ಕೇಳಿದೆ ಎಂದಿದ್ದಳು ಗುನ್ವೋರ್. ಅದಕ್ಕೇ ನೋಟ್‌ಬುಕ್ಕಿಗೆ ಹಾಕಲಿಲ್ಲವಂತೆ. ತನ್ನ ಮನೆಯ ಅನ್ನಕ್ಕೆ ಯಾರಾದರೂ ಅಂಕ ಕೊಡುತ್ತಾರೆಯೇ ಎಂದು ಕೇಳಿದ್ದಳು.

ಇನ್ನು ನಮ್ಮ ಗುರುವಾರದ ಕೂಟ. ಸಭಾಭವನದ ನೆಲಮಾಳಿಗೆಯಲ್ಲಿ ಮಧ್ಯಾಹ್ನ ಮೂರಕ್ಕೆ ಏಳು ಜನ ಸೇರುತ್ತೇವೆ. ಸರದಿಯ ಮೇಲೆ ಒಬ್ಬೊಬ್ಬರು ಒಂದು ರೆಕಾರ್ಡು ತರಬೇಕು. ಅದು ಮುಗಿಯುವವರೆಗೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಆಮೇಲೆ ಕಾಫಿ, ದಾಲ್ಚಿನ್ನಿ ಬನ್ನು, ಮತ್ತೆ ಒಬ್ಬೊಬ್ಬರಾಗಿ ಅಭಿಪ್ರಾಯ. ಹಾಜರಿ ಹಾಳೆಗೆ ಎಲ್ಲರೂ ರುಜು ಹಾಕಲೇಬೇಕು. ಆ ಹಾಳೆಯ ಯಜಮಾನ ಫೋಲ್ಕೆ. ಗುನ್ವೋರ್ ಅಡುಗೆ ಮಾಡುತ್ತಿದ್ದ ಶಾಲೆಯಲ್ಲೇ ಸಂಗೀತದ ಮೇಷ್ಟ್ರಾಗಿದ್ದವನು. ಅವನ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕೂಟದಲ್ಲಿ ಅವನ ಮಾತಿಗೆ ಎದುರಾಡುತ್ತಿದ್ದವಳು ಗುನ್ವೋರ್ ಒಬ್ಬಳೇ. "ಸ್ವರ ಎಲ್ಲಾ ಸರಿ ಮೇಷ್ಟ್ರೇ, ಆದ್ರೆ ಹಸಿವಾಗಲಿಲ್ಲ," ಎಂದು ಅವನು ತಂದ ಎಷ್ಟು ರೆಕಾರ್ಡುಗಳನ್ನು ಮಲಗಿಸಿದ್ದಳೋ! ಹತ್ತರಲ್ಲಿ ಒಂದು ಸಲ ಅವನು ಅವಳ ಮಾತು ಒಪ್ಪುತ್ತಿದ್ದ. ಒಪ್ಪಿದರೂ ಬಾಯಿ ಬಿಟ್ಟು ಹೇಳುವ ಜನವಲ್ಲ ನಾವು. ತುಟಿ ಚೂಪು ಮಾಡಿ ಸುಯ್ಯೆಂದು ಗಾಳಿ ಒಳಗೆ ಎಳೆದುಕೊಂಡರೆ ನಮ್ಮ ಕಡೆ ಅದೇ ಹೌದು. ಫೋಲ್ಕೆಯಿಂದ ಅಂಥದೊಂದು ಸುಯ್ ಸಿಕ್ಕ ದಿನ ಗುನ್ವೋರ್ ಮನೆಗೆ ಹೋಗುವ ದಾರಿಯುದ್ದಕ್ಕೂ ಗುನುಗುತ್ತಿದ್ದಳು.

ನವೆಂಬರಿನ ಒಂದು ಗುರುವಾರ ಅವಳ ಸರದಿ ಬಂತು. ಏನನ್ನಿಸಿತೋ, ಅವತ್ತು "ಗರಗಸ"ವನ್ನು ತಂದಳು. ಎದೆಗೆ ಒತ್ತಿಕೊಂಡೇ ಮೆಟ್ಟಿಲಿಳಿದಳು. ತಾನೇ ಪ್ಲೇಯರಿನ ಮೇಲಿಟ್ಟು, ಸೂಜಿ ಇಳಿಸಿ, ಕೈ ಮಡಿಲಿಗೆ ತಂದು ಕೂತಳು. ಇಪ್ಪತ್ತೈದು ನಿಮಿಷ ಯಾರೂ ಕೆಮ್ಮಲೂ ಇಲ್ಲ. ಕೊನೆಯ ಹಾಡು ಮುಗಿಯಿತು. ನಾನು ಫೋಲ್ಕೆಯ ಮುಖ ನೋಡಿದೆ. ಅವನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು! ಅವನು ನಗುತ್ತಿದ್ದ.

"ಗುನ್ವೋರ್," ಅಂದ, ಕಣ್ಣೊರೆಸಿಕೊಳ್ಳುತ್ತ. "ಇದು ನಲವತ್ತೈದರ ರೆಕಾರ್ಡು ಕಣಮ್ಮ. ನೀನು ಮೂವತ್ಮೂರರಲ್ಲಿ ಓಡಿಸಿದ್ದೀಯ."

"ಏನಂದೆ?"

"ವೇಗ, ವೇಗ! ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗ್ಬೇಕು ಇದು. ಹಾಡಿದ್ದು ಗಂಡಸಲ್ಲ. ಇಂಗೆಲಾ ಅಂತ, ಹತ್ತೊಂಬತ್ತು ವರ್ಷದ ಹುಡುಗಿ. ಒಂಬತ್ತನೇ ಕ್ಲಾಸಲ್ಲಿ ನಾನೇ ಪಾಠ ಹೇಳಿದ್ದೆ."

ಎದ್ದುಹೋಗಿ ಗುಂಡಿ ತಿರುಗಿಸಿದ. ಸೂಜಿ ಇಳಿಸಿದರೆ ಅದೇ ಹಾಡು ಲಂಗ ಎತ್ತಿ ಕಟ್ಟಿ ಓಡತೊಡಗಿತು. ಚೂಟಿ ಹುಡುಗಿಯ ದನಿ; ದೋಣಿ ತಾ ಬೇಗ ತಾ, ಆಚೆ ದಡದಲ್ಲಿ ಕುಣಿತ ಇದೆ ಎಂಬ ಗಡಿಬಿಡಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ತಪ್ಪು ಆಗಿದ್ದು ಹೀಗೆ. ಆ ರೆಕಾರ್ಡು ದೊಡ್ಡ ತಟ್ಟೆಯದು. ದೊಡ್ಡ ತಟ್ಟೆ ಅಂದರೆ ಮೂವತ್ಮೂರು ಎಂದೇ ಎಲ್ಲರ ಲೆಕ್ಕ. ಮಧ್ಯದ ಕಾಗದದ ಮೇಲೆ ವೇಗ ಅಚ್ಚು ಹಾಕಿಸುವುದನ್ನು ಆ ಹುಡುಗರು ಮರೆತಿದ್ದರು. ಗುನ್ವೋರಳ ಹಳೆಯ ಪ್ಲೇಯರಿನ ವೇಗದ ಗುಂಡಿ ಮುರಿದು, ಅದು ಮೂವತ್ಮೂರರಲ್ಲೇ ಕಚ್ಚಿಕೊಂಡು ಕೂತಿತ್ತು. ತಂಡದ ಹಾಡನ್ನು ಅವಳು ಎದುರಿಗೆ ಕೇಳಿದವಳೇ ಅಲ್ಲ. ಹೀಗೆ ನಲವತ್ತು ವರ್ಷ, ಇಲ್ಲದ ಗಂಡಸೊಬ್ಬನ ಹಾಡು ಕೇಳಿದ್ದಳು.

ಅಷ್ಟಕ್ಕೇ ಮುಗಿದಿದ್ದರೆ ಅವಳೂ ನಕ್ಕುಬಿಡುತ್ತಿದ್ದಳೋ ಏನೋ. ಆದರೆ ದಾಗ್ನಿ ಇದ್ದಳಲ್ಲ, ಹಳೇ ಟಪಾಲು ಕಚೇರಿಯ ದಾಗ್ನಿ, ಬನ್ನು ಅಗಿಯುತ್ತಲೇ ಬಾಯಿ ಹಾಕಿದಳು.

"ಅಲ್ವೇ ಗುನ್ವೋರ್, ಹಾಗಾದ್ರೆ ನಮ್ಮ ರೆಕಾರ್ಡಿಗೆಲ್ಲಾ ಉಪ್ಪಿಲ್ಲ ಖಾರ ಇಲ್ಲ ಅಂತ ಹೇಳ್ತಿದ್ಯಲ್ಲ, ಅವನ್ನೆಲ್ಲಾ ಯಾವ ವೇಗದಲ್ಲಿ ಕೇಳಿದ್ದೆ?"

ಮತ್ತೆ ನಗು. ಗುನ್ವೋರಳ ಮುಖ ಕೆಂಪಗಾಗಿ, ಆಮೇಲೆ ಬೆಳ್ಳಗಾಯಿತು. ರೆಕಾರ್ಡನ್ನು ಹೊದಿಕೆಯೊಳಗೆ ತೂರಿಸಿದಳು. ಟೋಪಿ ಹಾಕಿಕೊಂಡಳು. ತಾನೇ ಮಾಡಿ ತಂದ ಬನ್ನನ್ನೂ ಕಾಫಿಯನ್ನೂ ಮುಟ್ಟದೆ ಹೊರಟುಹೋದಳು. ನಮ್ಮೂರಿನಲ್ಲಿ ಕಾಫಿ ಬಿಟ್ಟು ಹೋಗುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಹಾಜರಿ ಹಾಳೆಯಲ್ಲಿ ಅವಳ ಜಾಗ ಖಾಲಿ ಉಳಿಯಿತು.

ಅದರ ಮುಂದಿನ ಶುಕ್ರವಾರ ನನ್ನ ನೆಲದಡಿಯಿಂದ ಸದ್ದೇ ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. ಕೆಳಗಿಳಿದು ಬಾಗಿಲು ತಟ್ಟಿದೆ.

"ಹೊಸದೇನಾದ್ರೂ ಬಂತಾ?" ಅಂದೆ.

"ಬಂದಿರಬಹುದು. ನನಗೇನು ಗೊತ್ತು?"

"ಗುನ್ವೋರ್, ಒಂದು ಗುಂಡಿ ವಿಷಯ ಮಾರಾಯ್ತಿ! ಮುರಿದ ಗುಂಡಿಗೆ ಇಷ್ಟು ದುಃಖನಾ?"

"ಗುಂಡಿ ಅಲ್ಲ ಕಣೋ, ಕಿವಿ," ಅಂದಳು. "ನಂಗೆ ಓದು ಹೆಚ್ಚಿಲ್ಲ. ಪಿಯಾನೋ ಬರಲ್ಲ. ನನ್ನ ಹತ್ರ ಇದ್ದದ್ದು ಕಿವಿ ಒಂದೇ. ಹಾಡಲ್ಲಿ ಯಾವುದು ಸುಳ್ಳು ಯಾವುದು ನಿಜ ಅಂತ ನಂಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಎಲ್ಲಕ್ಕಿಂತ ನಿಜ ಅಂತ ನಂಬಿದ ಹಾಡೇ ಸುಳ್ಳಾಯ್ತಲ್ಲ, ಇನ್ನು ಉಳಿದದ್ದೇನು?"

ಬಾಗಿಲು ಹಾಕಿಕೊಂಡಳು. ಮಾರನೆಯ ದಿನ ನಮ್ಮ ಕಟ್ಟಡದ ಕಸದ ಕೋಣೆಗೆ ಹೋದರೆ, ಹಳೇ ಕಾಗದದ ಡಬ್ಬದ ಬದಿಗೆ ಒಂದು ಚೀಲ. ಒಳಗೆ ಹನ್ನೊಂದು ನೋಟ್‌ಬುಕ್ಕು, ಮೇಲೆ "ಗರಗಸ". ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಫೋಲ್ಕೆ ಮೇಲೆ, ದಾಗ್ನಿ ಮೇಲೆ, ನಕ್ಕ ನನ್ನ ಮೇಲೆ. ಚೀಲ ಹೊತ್ತು ಮೇಲಕ್ಕೆ ಬಂದೆ. ನನ್ನ ಪ್ಲೇಯರಿನಲ್ಲಿ ಎರಡೂ ವೇಗ ಇದೆ. ಮೊದಲು ನಲವತ್ತೈದರಲ್ಲಿ ಕೇಳಿದೆ. ಚೆನ್ನಾಗಿತ್ತು, ಮುಗಿದ ಕೂಡಲೇ ಮರೆತೂ ಹೋಯಿತು. ಮೂವತ್ಮೂರರಲ್ಲಿ ಕೇಳಿದೆ. ಆರನೆಯ ಹಾಡಿಗೆ ನನ್ನ ಬಲಗೈ ತೊಡೆಯ ಮೇಲೆ ತಾನಾಗಿ ಸುತ್ತುತ್ತಿತ್ತು. ಇದು ಸುಳ್ಳಾದರೆ ನಾನು ಬಸ್ಸೇ ಓಡಿಸಿಲ್ಲ ಅಂದುಕೊಂಡೆ. ಆ ಹಾಡನ್ನು ಅದೇ ನಿಧಾನದಲ್ಲಿ ಫೋನಿಗೆ ಇಳಿಸಿಕೊಂಡೆ.

ಇಂಗೆಲಾ ಎಲ್ಲಿದ್ದಾಳೆಂದು ಫೋಲ್ಕೆಯಿಂದಲೇ ಬಾಯಿ ಬಿಡಿಸಿದೆ: ಪಕ್ಕದೂರು ಲೂಲೆಯೋದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾಳೆ. ಸುಮ್ಮನೆ ಹೋಗಿ ಏನೆಂದು ಕೇಳುವುದು? ಕಣ್ಣು ತೋರಿಸಲು ಸಮಯ ಗೊತ್ತು ಮಾಡಿಕೊಂಡು ಬಸ್ಸು ಹತ್ತಿದೆ. ಬಿಳಿ ಕೂದಲು ಗಿಡ್ಡಗೆ ಕತ್ತರಿಸಿದ, ಅರವತ್ತರ ಹೆಂಗಸು. ನನ್ನ ಗದ್ದವನ್ನು ಯಂತ್ರದ ಮೇಲಿಡಿಸಿ ಕಣ್ಣಿಗೆ ದೀಪ ಬಿಟ್ಟಳು.

"ಅಲ್ಲಾಡ್ಬೇಡ."

"ಅಲ್ಲಾಡಲ್ಲ. 'ಗರಗಸ'ದಲ್ಲಿ ಹಾಡ್ತಿದ್ದವಳು ನೀನೇ ಅಲ್ವಾ?"

ದೀಪ ಆಚೀಚೆ ಹಾರಿತು. "ಅಯ್ಯೋ, ಅದನ್ನ ಯಾರು ನೆನಪಿಟ್ಕೊಂಡಿದಾರೆ?" ಎಂದು ನಕ್ಕಳು. ನಗು ಗಂಟಲಿನ ಆಳದಿಂದ ಬಂತು. ನನ್ನ ಕಿವಿ ನೆಟ್ಟಗಾಯಿತು. ಗದ್ದ ಅಲ್ಲೇ ಇಟ್ಟುಕೊಂಡು, ಜೇಬಿನಿಂದ ಫೋನು ತೆಗೆದು ಹಾಡು ಹಚ್ಚಿದೆ.

ಅವಳು ದೀಪ ಆರಿಸಿದಳು. ಕತ್ತಲೆ ಕೋಣೆಯಲ್ಲಿ ಇಬ್ಬರೂ ಕೇಳುತ್ತ ಕೂತೆವು. ಹಾಡು ಮುಗಿಯಿತು.

"ಯಾರು ಹಾಡ್ತಿರೋದು ಇದನ್ನ?" ದನಿ ಸಣ್ಣಗಾಗಿತ್ತು.

"ನೀನೇ," ಅಂದೆ, ಗುನ್ವೋರಳ ಕಥೆ ಪೂರಾ ಹೇಳಿದೆ. ಮುರಿದ ಗುಂಡಿ, ನಲವತ್ತು ವರ್ಷ, ನಗು, ಕಸದ ಕೋಣೆ.

ಇಂಗೆಲಾ ಕನ್ನಡಕದ ಗಾಜು ಒರೆಸುತ್ತ ತಂಡದ ಸುದ್ದಿ ಹೇಳಿದಳು. ನಾಲ್ವರೂ ಮತ್ತೆ ಸೇರಿದ್ದಾರಂತೆ. ಡ್ರಮ್ಮಿನವನ ಗ್ಯಾರೇಜಿನಲ್ಲಿ ಎಂಟು ಹೊಸ ಹಾಡು ಆಗಿವೆಯಂತೆ. ಮಾರ್ಚಿನಲ್ಲಿ ಪೀಟೆಯೋದಲ್ಲಿ ಜನರ ಮುಂದೆ ಹಾಡಿ, ಆಮೇಲೆ ಆಲ್ಬಮ್ಮು. "ಆ ಹಳೇ ಹಾಡನ್ನೂ ಸೇರಿಸೋಣ ಅಂತ ಇವರು ದಿನಾ ಪೀಡಿಸ್ತಾರೆ. ನನ್ನ ಕೈಲಾಗಲ್ಲ ಅಂದಿದ್ದೆ. ಆ ಹುಡುಗಿ ಓಡ್ತಾಳೆ. ನಂಗೆ ಮಂಡಿ ನೋವು." ಮತ್ತೆ ನಕ್ಕಳು, ಕಣ್ಣು ಒದ್ದೆಯಾಗಿತ್ತು. "ಇದು ಈಗಿನ ನನ್ನ ದನಿ ಕಣಯ್ಯಾ. ನಂಗಿಂತ ಮುಂಚೆ ಅವಳಿಗೆ ಹೇಗೆ ಕೇಳಿಸ್ತು? ಮಾರ್ಚಿನಲ್ಲಿ ಇದನ್ನ ಹೀಗೇ, ನಿಧಾನವಾಗೇ ಹಾಡ್ತೀನಿ."

ನನಗೆ ಕುಣಿಯುವ ಹಾಗಾಯಿತು. ಹೊಸ ಕನ್ನಡಕವೂ ಆಯಿತು, ಬೇಕಾಗಿತ್ತು ಅಂತಲೂ ಆಮೇಲೆ ಗೊತ್ತಾಯಿತು.

ಮಾರ್ಚಿನ ಆ ಶನಿವಾರಕ್ಕೆ ಗುನ್ವೋರಳನ್ನು ಕರೆತರುವುದೇ ಕಷ್ಟವಾಯಿತು. ಹಾಡು ಎಂಬ ಮಾತು ಎತ್ತಿದರೆ ಬಾಗಿಲು ಮುಚ್ಚುತ್ತಿದ್ದಳು. ಕೊನೆಗೆ ನಾನು ಊಟದ ಮಾತು ಎತ್ತಿದೆ. ಹಾಡಿಗೆ ಮುಂಚೆ ಸಭಾಭವನದಲ್ಲಿ ಮುನ್ನೂರು ಜನಕ್ಕೆ ಪಾಲ್ಟ್ ಆಗಬೇಕಿತ್ತು. ಅಡುಗೆಗೆ ಒಪ್ಪಿಕೊಂಡಿದ್ದವರು ಉಂಡೆ ಕಟ್ಟಿದರೆ ನೀರಿಗೆ ಹಾಕಿದ ಕೂಡಲೇ ಬಿಚ್ಚಿಕೊಳ್ಳುತ್ತದೆ ಎಂದೆ. ಅರ್ಧ ಸುಳ್ಳು. ಅವಳಿಗೆ ತಡೆಯಲಾಗಲಿಲ್ಲ.

"ಪಾಲ್ಟಿಗೆ ಬರ್ತೀನಿ, ಹಾಡಿಗಲ್ಲ," ಅಂದಳು. "ಹಾಡೋವಾಗ ಬಡಿಸೋ ಕಿಂಡಿ ಬಾಗಿಲು ಮುಚ್ಚಿರಬೇಕು. ಯಾವನಾದ್ರೂ ತೆಗೆದ್ರೆ ಸೌಟಲ್ಲಿ ಬಡೀತೀನಿ."

ಮಧ್ಯಾಹ್ನ ಹನ್ನೆರಡಕ್ಕೆ ಕಿಂಡಿ ತೆಗೆದು ಬಡಿಸಿದಳು. ಸಾಲಿನಲ್ಲಿ ನಿಂತವರೆಲ್ಲ ನಲವತ್ತು ಐವತ್ತರವರು, ಅರ್ಧ ಊರು. ಕಿಂಡಿ ಹತ್ತಿರ ಬಂದ ಕೂಡಲೇ ಎಲ್ಲರ ಮುಖವೂ ಹತ್ತು ವರ್ಷದ ಮಕ್ಕಳದಾಗುತ್ತಿತ್ತು. "ಅರೇ, ಊಟದತ್ತೆ!" ಶಾಲೆಯಲ್ಲಿ ಬಡಿಸುವವರನ್ನು ಮಕ್ಕಳು ಹಾಗೇ ಕರೆಯುವುದು. ಅಗ್ನಿಶಾಮಕ ದಳದ ಒಬ್ಬ ದೈತ್ಯ, ಬಾಗಿಲಿನಷ್ಟು ಅಗಲ, ತಟ್ಟೆ ಚಾಚಿ ನಿಂತ.

"ಊಟದತ್ತೆ, ಇನ್ನೊಂದು ಹಾಕು."

"ಮೊದ್ಲು ಕ್ಯಾರೆಟ್ ಮುಗಿಸು," ಅಂದಳು ಗುನ್ವೋರ್. ಅವನು ಮುಗಿಸಿಯೇ ಬಂದ.

ಎರಡು ಗಂಟೆಗೆ ಕಿಂಡಿ ಮುಚ್ಚಿಕೊಂಡಿತು, ವೇದಿಕೆಯ ಮೇಲೆ "ಗರಗಸ" ಬಂತು. ಹೊಸ ಹಾಡುಗಳು ಒಂದಾದ ಮೇಲೊಂದು ಹೋದವು. ಪಾಲ್ಟ್ ತನ್ನ ಕೆಲಸ ಮಾಡುತ್ತಿತ್ತು. ಅಲ್ಲಲ್ಲಿ ತಲೆಗಳು ತೂಗುತ್ತಿದ್ದವು. ಮೂರನೆಯ ಸಾಲಿನಲ್ಲಿ ದಾಗ್ನಿ ನಿದ್ದೆ ಹೋಗಿದ್ದಳು. ನಾನು ಕಿಂಡಿಯ ಪಕ್ಕದಲ್ಲೇ ನಿಂತಿದ್ದೆ. ಒಳಗಿನಿಂದ ಪಾತ್ರೆ ಉಜ್ಜುವ ಸದ್ದು ಬೇಕೆಂದೇ ಜೋರಾಗಿ ಬರುತ್ತಿತ್ತು.

ಕೊನೆಗೆ "ನದಿ ಕಟ್ಟುವ ಮುನ್ನ" ಶುರುವಾಯಿತು, ನಲವತ್ತೈದರ ವೇಗದಲ್ಲಿ. ಇಂಗೆಲಾ ಮಾತು ತಪ್ಪಿದಳು ಅಂದುಕೊಂಡೆ. ಜನ ಮರ್ಯಾದೆಗೆ ಕಾಲು ಕುಟ್ಟಿದರು. ಎರಡು ಸಾಲಾಗುವಷ್ಟರಲ್ಲಿ ಇಂಗೆಲಾ ಕೈ ಎತ್ತಿದಳು.

"ನಿಲ್ಸಿ, ನಿಲ್ಸಿ. ಇದು ನಾವು ಆಗ ಹಾಡಿದ್ದು. ನಮಗಾಗ ಅವಸರ. ನಿಮ್ಮೂರಲ್ಲೇ ಒಬ್ಬಳು ಇದನ್ನ ಬೇರೆ ಥರ ಕೇಳಿದಾಳೆ. ನನ್ನ ಹಾಡು ಏನು ಅಂತ ಅವಳಿಂದ ನಂಗೆ ಗೊತ್ತಾಯ್ತು."

ಡ್ರಮ್ಮಿನವನು ಬಡಿಯುವ ಕಡ್ಡಿ ಬಿಟ್ಟು ಸವರುವ ತಂತಿಯ ಕುಂಚ ಹಿಡಿದ. ಮೆಲ್ಲಗೆ, ದೊಡ್ಡ ಹಂಡೆ ತಿರುವುವಷ್ಟು ಮೆಲ್ಲಗೆ, ಸುತ್ತು ಹಾಕತೊಡಗಿದ. ಇಂಗೆಲಾ ಆಳದ ದನಿಯಲ್ಲಿ ಮೊದಲ ಸಾಲು ಹಾಡಿದಳು.

ಎರಡನೆಯ ಸಾಲಿಗೆ ಮುಂಚೆ ಏನೋ ಸದ್ದು. ಯಾವುದೋ ಯಂತ್ರ ಕೆಟ್ಟಿತೆಂದು ನಾನು ಸುತ್ತ ನೋಡಿದೆ. ಯಂತ್ರವಲ್ಲ, ಆ ಅಗ್ನಿಶಾಮಕದವನು ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದ. ಅವನ ಪಕ್ಕದವಳೂ ಗುನುಗುತ್ತಿದ್ದಳು. ಹಿಂದಿನ ಸಾಲು, ಅದರ ಹಿಂದಿನ ಸಾಲು. ತೂಕಡಿಸುತ್ತಿದ್ದವರು ಎದ್ದು ಕೂತರು. ಹಾಡಿನ ಮಾತು ಒಬ್ಬರಿಗೂ ಗೊತ್ತಿಲ್ಲ, ರಾಗ ಮಾತ್ರ ಎಲ್ಲರಿಗೂ ಬಾಯಿಪಾಠ! ಆ ರೆಕಾರ್ಡನ್ನು ಕಂಡೇ ಇಲ್ಲದ ಜನ, ಮುನ್ನೂರು ಗಂಟಲು, ಎಲ್ಲಿ ತಿರುಗಬೇಕೋ ಅಲ್ಲಿ ತಿರುಗುತ್ತಾರೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಾರೆ. ವೇದಿಕೆಯ ಮೇಲೆ ಇಂಗೆಲಾ ತಬ್ಬಿಬ್ಬಾಗಿ ಹಾಡುವುದನ್ನೇ ಬಿಟ್ಟಳು. ಹಾಡು ನಿಲ್ಲಲಿಲ್ಲ.

"ಇದು ಊಟದತ್ತೆ ಹಾಡು!" ಎಂದು ಯಾರೋ ಕೂಗಿದರು. "ನಾವು ಸಾಲಲ್ಲಿ ನಿಂತಾಗ ದಿನಾ ಗುನುಗ್ತಿದ್ಲಲ್ಲ!"

ಆಗ ನನಗೆ ಅರ್ಥವಾಯಿತು. ಮೂವತ್ತೈದು ವರ್ಷ ಬಟಾಣಿ ಸಾರಿನ ಹಂಡೆ ತಿರುವುತ್ತ, ಬಡಿಸುತ್ತ, ಅವಳು ಗುನುಗಿದ್ದು ಇದನ್ನೇ, ಇದೇ ನಿಧಾನದಲ್ಲಿ. ತಾನು ಗುನುಗುತ್ತೇನೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಈ ಊರು ಊಟದ ಜೊತೆಗೆ ಆ ಹಾಡನ್ನೂ ಉಂಡಿತ್ತು.

ಪಾತ್ರೆಯ ಸದ್ದು ಯಾವಾಗಲೋ ನಿಂತಿತ್ತು. ಕಿಂಡಿಯ ಬಾಗಿಲು ಒಂದು ಗೇಣು ಮೇಲೆ ಹೋಯಿತು. ಮತ್ತೊಂದು ಗೇಣು. ಕೊನೆಗೆ ಪೂರಾ ತೆರೆದುಕೊಂಡಿತು. ಏಪ್ರನ್ನು ಕಟ್ಟಿಕೊಂಡು, ಸೌಟು ಕೈಯಲ್ಲೇ ಹಿಡಿದು ಗುನ್ವೋರ್ ನಿಂತಿದ್ದಳು. ಬಾಯಿ ತೆರೆದಿತ್ತು. ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಸೌಟು ಗಾಳಿಯಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಡ್ರಮ್ಮಿನವನು ಅದನ್ನು ನೋಡಿದ, ನೋಡಿಕೊಂಡೇ ಕುಂಚ ಆಡಿಸಿದ. ಹಾಡು ಮುಗಿಯುವವರೆಗೆ ಇಡೀ ಸಭಾಭವನವನ್ನು ನಡೆಸಿದ್ದು ಆ ಸೌಟು. ಜನ ವೇದಿಕೆಗೆ ಬೆನ್ನು ಹಾಕಿ ಕಿಂಡಿಯ ಕಡೆ ತಿರುಗಿ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಕೊಳವೆ ಬಡಿದದ್ದಕ್ಕಿಂತ ಜೋರಾಗಿ ಹೊಡೆದೆ.

ಆಮೇಲೆ ಫೋಲ್ಕೆ ಕಿಂಡಿಯ ಹತ್ತಿರ ಬಂದ. ತಟ್ಟೆ ಇಲ್ಲದೆ, ಬರಿಗೈಯಲ್ಲಿ ನಿಂತ.

"ಪರೀಕ್ಷೆ ಪೇಪರು ನೋಡುವಾಗೆಲ್ಲ ನಾನೂ ಇದನ್ನ ಗುನುಗ್ತಿದ್ದೆ ಗುನ್ವೋರ್. ಮೂವತ್ತು ವರ್ಷ. ನಂದೇ ರಾಗ ಅಂದ್ಕೊಂಡಿದ್ದೆ. ಅವತ್ತು ಕೂಟದಲ್ಲಿ ಕೇಳಿದಾಗ ಎಲ್ಲೋ ಕೇಳಿದೀನಿ ಅನ್ನಿಸ್ತು, ಆದ್ರೆ ಮೊದ್ಲು ನಗು ಬಂತು. ತಪ್ಪಾಯ್ತು."

"ಪಾಲ್ಟ್ ಇನ್ನೂ ಎರಡು ಉಳಿದಿದೆ," ಅಂದಳು ಗುನ್ವೋರ್. ಅವನಿಗೆ ಬೆಣ್ಣೆ ಹೆಚ್ಚಿಗೆ ಹಾಕಿದಳು.

ಮೇ ತಿಂಗಳ ಒಂದು ಶುಕ್ರವಾರ "ಗರಗಸ"ದ ಹೊಸ ಆಲ್ಬಮ್ಮು ಬಂತು. ಅವತ್ತು ಸಭಾಭವನದಲ್ಲಿ ರೆಕಾರ್ಡು ಮಾಡಿದ್ದನ್ನೇ, ಆ ಮುನ್ನೂರು ಗಂಟಲಿನ ಸಮೇತ, ಕೊನೆಯ ಹಾಡಾಗಿ ಇಟ್ಟಿದ್ದರು. ಮಧ್ಯದ ಕಾಗದದ ಮೇಲೆ ಈ ಸಲ ವೇಗವನ್ನು ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು: ಮೂವತ್ಮೂರು. ಮುಂದಿನ ಗುರುವಾರ ಇಂಗೆಲಾ ತಾನೇ ಅದನ್ನು ನಮ್ಮ ನೆಲಮಾಳಿಗೆಗೆ ತಂದಳು. ಗುನ್ವೋರ್ ಹಾಜರಿ ಹಾಳೆಗೆ ರುಜು ಹಾಕಿದಳು, ನಾನು ವಾಪಸು ಕೊಟ್ಟ ನೋಟ್‌ಬುಕ್ಕುಗಳ ಪಕ್ಕಕ್ಕೆ ಹನ್ನೆರಡನೆಯದನ್ನು ತೆರೆದಿಟ್ಟುಕೊಂಡು ಕೂತಳು.

ಮುಗಿದ ಮೇಲೆ ಕಾಫಿ ಬಂತು. ಒಬ್ಬೊಬ್ಬರಾಗಿ ಹೊಗಳಿದರು. ಎದುರಿಗೆ ಹಾಡಿದವಳೇ ಕೂತಿದ್ದಾಳೆ, ಇನ್ನೇನು ಹೇಳುತ್ತಾರೆ? ದಾಗ್ನಿಯಂತೂ ಎಲ್ಲಾ ಹಾಡೂ ಜೇನು ಅಂದಳು. ಗುನ್ವೋರಳ ಸರದಿ ಬಂತು. ಅವಳು ಕನ್ನಡಕ ಸರಿ ಮಾಡಿಕೊಂಡಳು.

"ಮೊದಲನೇದು ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತೆ. ಮೂರನೇದು ಚೆನ್ನಾಗಿದೆ, ಕಾಲ್ಚೀಲ ಹೊಸದು. ಐದನೇದು ಹಳಸಲು ಇಂಗೆಲಾ, ನಿಂಗೂ ಗೊತ್ತು. ಅದನ್ನ ಯಾಕೆ ಹಾಕ್ದೆ?"

ಯಾರೂ ಕಪ್ಪು ಕೆಳಗಿಡಲಿಲ್ಲ. ಇಂಗೆಲಾ ಅವಳನ್ನೇ ನೋಡಿದಳು. ತುಟಿ ಚೂಪು ಮಾಡಿ, ಸುಯ್ಯೆಂದು ಗಾಳಿ ಎಳೆದುಕೊಂಡಳು. "ಡ್ರಮ್ಮಿನವನು ಹಟ ಹಿಡಿದ," ಅಂದಳು. ಎಲ್ಲರೂ ಹೋ ಎಂದು ನಕ್ಕರು, ಗುನ್ವೋರಳೇ ಎಲ್ಲರಿಗಿಂತ ಜೋರಾಗಿ.

"ಹಾಗಾದ್ರೆ ಕೊನೇ ಹಾಡು?" ಎಂದು ಫೋಲ್ಕೆ ಮೆಲ್ಲಗೆ ಕೇಳಿದ, ಪೆನ್ನು ಹಿಡಿದು.

ಗುನ್ವೋರ್ ನೋಟ್‌ಬುಕ್ಕು ಮುಚ್ಚಿದಳು. ತುಟಿ ಚೂಪು ಮಾಡಿ, ಕಣ್ಣು ಮುಚ್ಚಿ, ಎಷ್ಟು ದೀರ್ಘವಾಗಿ ಗಾಳಿ ಒಳಗೆಳೆದುಕೊಂಡಳೆಂದರೆ ಮೇಜಿನ ತುದಿಯಲ್ಲಿದ್ದ ನನಗೂ ಕೇಳಿಸಿತು. ಆಮೇಲೆ ಬನ್ನು ತೆಗೆದುಕೊಂಡು ಕಾಫಿಗೆ ಅದ್ದಿದಳು.